ಎಡಿಸನ್ ಸಿಲಿಂಡರ್ ಫೋನೋಗ್ರಾಫ್ ಹಾಡದಿದ್ದರೆ ಎಲ್ಲಿಂದ ಹುಡುಕಬೇಕು?

ನ್ಯೂಜೆರ್ಸಿಯಲ್ಲಿರುವ ನಮಗೆ ಎಡಿಸನ್ ಎಂದರೆ ಮೊದಲು ನೆನಪಾಗುವುದು ಊರು. ಓಕ್ ಟ್ರೀ ರೋಡು, ದೋಸೆ, ಕರಿಬೇವು, ಸೀರೆ ಅಂಗಡಿ. 1877ರಲ್ಲಿ ಥಾಮಸ್ ಎಡಿಸನ್ನರ ಮೊದಲ ಫೋನೋಗ್ರಾಫ್, ಅಂದರೆ ದನಿ ಹಿಡಿದು ಮತ್ತೆ ನುಡಿಸುವ ಯಂತ್ರ, ಮಾತಾಡಿದ ಮೆನ್ಲೋ ಪಾರ್ಕ್ ಇರುವುದೂ ಇದೇ ಊರಲ್ಲಿ ಅಂತ ನನಗೆ ತಿಳಿದದ್ದು ತುಂಬಾ ತಡವಾಗಿ. ಅದಾದ ಮೇಲೆ ಹುಚ್ಚು ಹಿಡಿಯಿತು. ಒಂದು ಹಳೆ ಮನೆ ಖಾಲಿ ಮಾಡುವಾಗ ಮಾರಾಟಕ್ಕಿಟ್ಟಿದ್ದ ಎಡಿಸನ್ ಸ್ಟ್ಯಾಂಡರ್ಡ್ ಯಂತ್ರ ಮತ್ತು ಹನ್ನೊಂದು ಸಿಲಿಂಡರ್‌ಗಳನ್ನು, ಅಂದರೆ ಹಾಡನ್ನು ಗೆರೆಯಾಗಿ ಮುದ್ರಿಸಿದ ಟೊಳ್ಳು ಉರುಳೆಗಳನ್ನು, ಹೊತ್ತು ತಂದೆ.

ತಂದ ರಾತ್ರಿಯೇ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಕೀಲಿ ಕೊಟ್ಟು, ಕೈಗೆ ಸಿಕ್ಕ ಮೊದಲ ಸಿಲಿಂಡರ್ ಏರಿಸಿ, ಮುಳ್ಳು ಇಳಿಸಿದೆ. ಕರಕರ ಸದ್ದು, ಹಿಂದೆ ಎಲ್ಲೋ ಒಂದು ಬ್ಯಾಂಡು. ಅರ್ಧ ನಿಮಿಷ ಬಿಟ್ಟು ಬಗ್ಗಿ ನೋಡಿದರೆ, ಕಪ್ಪು ಮೇಣದ ಮೇಲೆ ಬೂದು ಬಣ್ಣದ ಪಟ್ಟೆ, ಮುಳ್ಳಿನ ತುದಿಯಲ್ಲಿ ಸಣ್ಣ ಪುಡಿ. ಹಾಡನ್ನೇ ಕೆರೆದು ಹಾಕಿದ್ದೆ. ಆ ಸಿಲಿಂಡರ್ ಈಗಲೂ ಶೆಲ್ಫಿನಲ್ಲಿದೆ, ಪಟ್ಟೆ ಎದುರಿಗೆ ಕಾಣುವ ಹಾಗೆ.

ಹಾಗಾಗಿ ಈ ಬರಹದ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ಸಿಲಿಂಡರ್ ಇಲ್ಲದೆ ಮಾಡುವಂಥವು. ಯಂತ್ರದ ಬಿಡಿಭಾಗಗಳನ್ನು ಇವತ್ತಿಗೂ ಹೊಸದಾಗಿ ಮಾಡಿಕೊಡುವವರಿದ್ದಾರೆ. ಸಿಲಿಂಡರ್ ಮಾಡಿಕೊಡಲು ಆ ಹಾಡುಗಾರರೇ ಇಲ್ಲ.

ಶುರು ಮಾಡುವ ಮುಂಚೆ: ನಿಮ್ಮ ಹತ್ತಿರ ಇರುವುದೇನು?

ನಾನು ಹೇಳುತ್ತಿರುವುದು ಮುಖ್ಯವಾಗಿ 1898ರಲ್ಲಿ ಬಂದ ಸ್ಟ್ಯಾಂಡರ್ಡ್ ಬಗ್ಗೆ. ಹೋಮ್, ಟ್ರಯಂಫ್ ಯಂತ್ರಗಳಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ರೀಪ್ರೊಡ್ಯೂಸರ್, ಅಂದರೆ ಮುಳ್ಳು ಮತ್ತು ಪೊರೆ ಇರುವ ಆ ದುಂಡು ಡಬ್ಬಿ, ಅದರ ಮೇಲೆ ಒಂದು ಅಕ್ಷರ ಕೊರೆದಿರುತ್ತದೆ. ಸಿ ಇದ್ದರೆ ಎರಡು ನಿಮಿಷದ ಸಿಲಿಂಡರ್‌ಗೆ. ಎಚ್ ಇದ್ದರೆ ನಾಲ್ಕು ನಿಮಿಷದ್ದಕ್ಕೆ. ಕೆ ಇದ್ದರೆ ಎರಡು ಮುಳ್ಳುಗಳಿರುತ್ತವೆ, ತಿರುಗಿಸಿಕೊಂಡು ಎರಡಕ್ಕೂ ಬಳಸಬಹುದು. ಡೈಮಂಡ್ ಎಂಬ ಹೆಸರಿನವು ನೀಲಿ ಸಿಲಿಂಡರ್‌ಗಳಿಗೆ ಮಾತ್ರ.

ಸಿಲಿಂಡರ್‌ಗಳಲ್ಲಿ 1902ರ ನಂತರದ ಕಪ್ಪು ಮೇಣದವು ಎರಡು ನಿಮಿಷ ಹಾಡುತ್ತವೆ, ಇಂಚಿಗೆ 100 ಗೆರೆ. 1908ರಲ್ಲಿ ಬಂದ ಅಂಬೆರಾಲ್ ಕೂಡ ಮೇಣವೇ, ಆದರೆ ಇಂಚಿಗೆ 200 ಗೆರೆ, ನಾಲ್ಕು ನಿಮಿಷ. 1912ರಿಂದ 1929ರವರೆಗೆ ಬಂದ ಬ್ಲೂ ಅಂಬೆರಾಲ್ ನೀಲಿ ಸೆಲ್ಯುಲಾಯ್ಡ್, ಒಳಗೆ ಪ್ಲಾಸ್ಟರ್. ಎರಡು ನಿಮಿಷದ ದಪ್ಪ ಮುಳ್ಳನ್ನು ನಾಲ್ಕು ನಿಮಿಷದ ಗೆರೆ ಮೇಲೆ ಬಿಟ್ಟರೆ ಗೆರೆ ಹಾಳು. ಡೈಮಂಡನ್ನು ಮೇಣದ ಮೇಲೆ ಬಿಟ್ಟರಂತೂ ಕೇಳುವುದೇ ಬೇಡ. ಯಾವುದು ಯಾವುದೆಂದು ಅನುಮಾನವಿದ್ದರೆ ನುಡಿಸಬೇಡಿ.

ಕೀಲಿ ಕೊಟ್ಟಿದ್ದೇನೆ, ಆದರೆ ತಿರುಗುತ್ತಲೇ ಇಲ್ಲ

ಮೊದಲು ಬ್ರೇಕ್ ನೋಡಿ. ನಗಬೇಡಿ. ಶುರು ಮಾಡುವ ಚಿಕ್ಕ ಸನ್ನೆ ಅರ್ಧಕ್ಕೇ ನಿಂತಿರುವುದು ಜಾಸ್ತಿ. ಆಮೇಲೆ ಬೆಲ್ಟ್. ಮುಚ್ಚಳ ಎತ್ತಿ ನೋಡಿದಾಗ ಕೆಳಗಿನ ಸ್ಪ್ರಿಂಗ್ ಮೋಟರ್ ತಿರುಗುತ್ತಿದ್ದು, ಮೇಲಿನ ಮ್ಯಾಂಡ್ರೆಲ್, ಅಂದರೆ ಸಿಲಿಂಡರ್ ಕೂರುವ ಉರುಳೆ, ಸುಮ್ನೆ ನಿಂತಿದ್ದರೆ ಬೆಲ್ಟ್ ಜಾರುತ್ತಿದೆ ಅಂತ ಅರ್ಥ. ನೂರು ವರ್ಷದ ಚರ್ಮ ಹಪ್ಪಳದ ಹಾಗಾಗಿರುತ್ತದೆ. ಹೊಸ ಬೆಲ್ಟಿಗೆ ದುಡ್ಡು ಹೆಚ್ಚಿಲ್ಲ, ಹಾಕುವುದೂ ಸುಲಭ.

ಬೆಲ್ಟ್ ತೆಗೆದು ಮ್ಯಾಂಡ್ರೆಲನ್ನು ಬೆರಳಿಂದ ಮೀಟಿ. ಸರಾಗವಾಗಿ ಕೆಲವು ಸುತ್ತು ಹೋಗಬೇಕು. ಜೇನಿನಲ್ಲಿ ಅದ್ದಿದ ಹಾಗೆ ನಿಧಾನವಾಗಿ ನಿಂತರೆ, ಹಳೆ ಎಣ್ಣೆ ಅಂಟಾಗಿದೆ. ಇದೇ ಪರೀಕ್ಷೆ ಕೆಳಗಿನ ಗವರ್ನರಿಗೂ. ಅದು ವೇಗವನ್ನು ಹಿಡಿತದಲ್ಲಿಡುವ, ಮೂರು ಗುಂಡುಗಳಿರುವ, ಬುಗುರಿಯ ಹಾಗೆ ತಿರುಗುವ ಭಾಗ. ಮ್ಯಾಂಡ್ರೆಲ್ ಹಗುರಾಗಿ ತಿರುಗಿ, ಮೋಟರ್ ಮಾತ್ರ ಅಲುಗದಿದ್ದರೆ ಅಂಟು ಅಲ್ಲೇ.

ಇಲ್ಲಿ ಬಹಳ ಜನ ಹೊಸ ಎಣ್ಣೆ ಸುರಿಯುತ್ತಾರೆ. ಅದು ಹಳೆ ಅಂಟನ್ನು ಎರಡು ದಿನ ಮೆತ್ತಗೆ ಮಾಡಿ, ಆಮೇಲೆ ಇನ್ನೂ ದೊಡ್ಡ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಹಾಗೇ. ಸರಿಯಾದ ದಾರಿ ಎಂದರೆ ಮಿನರಲ್ ಸ್ಪಿರಿಟ್ ಅದ್ದಿದ ಬ್ರಷ್, ಹಲ್ಲುಕಡ್ಡಿ, ಹಳೆ ಬನಿಯನ್ ಬಟ್ಟೆ. ಪೂರ್ತಿ ಒರೆಸಿದ ಮೇಲೆ ಪ್ರತಿ ಬೇರಿಂಗಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ. ಕಿಟಕಿ ತೆರೆದಿಡಿ, ಒಲೆಯ ಹತ್ತಿರ ಬೇಡ, ಕೈಗವಸು ಇರಲಿ. ಪೆಟ್ಟಿಗೆಯ ಮರಕ್ಕೂ ಕಬ್ಬಿಣದ ಮೇಲಿನ ಚಿನ್ನದ ಗೆರೆಗಳಿಗೂ ಈ ದ್ರಾವಣ ತಾಗದಿರಲಿ. ಆಲ್ಕೋಹಾಲ್ ಅಂತೂ ಹಳೆ ಪಾಲಿಶನ್ನು ಕರಗಿಸಿಬಿಡುತ್ತದೆ.

ಎಲ್ಲ ಒರೆಸಿದರೂ ಅಲುಗುವುದಿಲ್ಲ, ಸ್ಪ್ರಿಂಗ್ ಮಾತ್ರ ಪೂರ್ತಿ ಬಿಗಿಯಾಗಿದೆ ಅಂದರೆ ನಿಲ್ಲಿಸಿ. ಇದು ಎಲ್ಲಕ್ಕಿಂತ ಅಪಾಯದ ಸ್ಥಿತಿ. ಬಿಗಿದ ಸ್ಪ್ರಿಂಗ್ ಇರುವಾಗ ಗವರ್ನರನ್ನೋ ಒಂದು ಹಲ್ಲುಚಕ್ರವನ್ನೋ ಬಿಚ್ಚಿದರೆ ಇಡೀ ಶಕ್ತಿ ಒಂದೇ ಸಲ ಬಿಡುಗಡೆಯಾಗುತ್ತದೆ. ಚಕ್ರದ ಹಲ್ಲುಗಳು ಉದುರುತ್ತವೆ, ಬೆರಳು ನಡುವೆ ಇದ್ದರೆ ಬೆರಳೂ ಹೋಗುತ್ತದೆ. ಅನುಭವ ಇರುವವರ ಹತ್ತಿರ ತೆಗೆದುಕೊಂಡು ಹೋಗಿ.

ಹ್ಯಾಂಡಲ್ ತಿರುಗುತ್ತಲೇ ಇದೆ, ಬಿಗಿಯಾಗುತ್ತಿಲ್ಲ

ಹ್ಯಾಂಡಲ್ ಹಗುರವಾಗಿ ಗಿರ್ರನೆ ಸುತ್ತಿದರೆ ಸ್ಪ್ರಿಂಗ್ ಕೊಂಡಿಯಿಂದ ಕಳಚಿದೆ ಅಥವಾ ಮುರಿದಿದೆ. ಮುಂಚೆ ಯಾವಾಗಾದರೂ ಪೆಟ್ಟಿಗೆಯೊಳಗೆ 'ಢಬ್' ಅಂದಿದ್ದರೆ ಮುರಿದಿರುವುದೇ ಖಾತ್ರಿ. ಬಿಗಿಯಾಗುತ್ತದೆ ಆದರೆ ಕೈ ಬಿಟ್ಟ ಕೂಡಲೇ ಹ್ಯಾಂಡಲ್ ಹಿಂದಕ್ಕೆ ಹೊಡೆಯುತ್ತದೆ ಅಂದರೆ ತಡೆಯುವ ಕೊಕ್ಕೆ ಸವೆದಿದೆ. ಹ್ಯಾಂಡಲನ್ನು ತಟ್ಟನೆ ಬಿಡಬೇಡಿ, ಮಣಿಕಟ್ಟಿಗೆ ಪೆಟ್ಟು ಬೀಳುತ್ತದೆ. ಕೈಯಲ್ಲೇ ಹಿಡಿದು ನಿಧಾನವಾಗಿ ಹಿಂದಕ್ಕೆ ಬಿಡಿ.

ಎರಡರಲ್ಲಿ ಯಾವುದಾದರೂ ಸರಿ, ಸ್ಪ್ರಿಂಗ್ ಡಬ್ಬಿಯನ್ನು ಮನೆಯಲ್ಲಿ ತೆರೆಯಬೇಡಿ. ಬಿಗಿಯಿಲ್ಲ ಅಂತ ಕಂಡರೂ ಡಬ್ಬಿಯೊಳಗೆ ಸುತ್ತಿಕೊಂಡ ಉಕ್ಕಿನ ಪಟ್ಟಿ ಹೊರಗೆ ಹಾರಲು ಕಾಯುತ್ತಿರುತ್ತದೆ. ನಾನು ಇಷ್ಟೆಲ್ಲ ಬಿಚ್ಚಿ ಕೂಡಿಸಿದವನು, ಆದರೂ ಈ ಕೆಲಸ ಮಾತ್ರ ಬೇರೆಯವರಿಂದ ಮಾಡಿಸಿದೆ. ನಾಚಿಕೆ ಏನಿಲ್ಲ.

ಹಾಡು ಓಡುತ್ತಿದೆ, ಎಳೆಯುತ್ತಿದೆ ಅಥವಾ ನಡುಗುತ್ತಿದೆ

ನನಗೆ ಇಷ್ಟವಾದ ಭಾಗ ಇದು. ಯಾಕೆಂದರೆ ಯಂತ್ರದಲ್ಲೇ ಒಂದು ಅಳತೆಗೋಲು ಅಡಗಿದೆ.

1902ರ ನಂತರದ ಎಡಿಸನ್ ಸಿಲಿಂಡರ್‌ಗಳ ವೇಗ ನಿಮಿಷಕ್ಕೆ 160 ಸುತ್ತು. ಕಣ್ಣಲ್ಲಿ ಎಣಿಸಲು ಆಗುವುದಿಲ್ಲ. ಆದರೆ ಎರಡು ನಿಮಿಷದ ಗೇರಿನಲ್ಲಿ ಮ್ಯಾಂಡ್ರೆಲ್ ಒಂದು ಸುತ್ತು ಸುತ್ತಿದರೆ ರೀಪ್ರೊಡ್ಯೂಸರ್ ಹೊತ್ತ ತೋಳು ಇಂಚಿನ ನೂರನೇ ಒಂದು ಭಾಗ ಸರಿಯುತ್ತದೆ. ಅಂದರೆ ಒಂದು ನಿಮಿಷಕ್ಕೆ 1.6 ಇಂಚು, ಸುಮಾರು 41 ಮಿಲಿಮೀಟರ್. ರೀಪ್ರೊಡ್ಯೂಸರನ್ನು ತೆಗೆದಿಟ್ಟು ತೋಳನ್ನು ಮಾತ್ರ ಇಳಿಸಿ. ಪಕ್ಕದಲ್ಲಿ ಒಂದು ಕಾಗದದ ಪಟ್ಟಿ ಇಟ್ಟು ಪೆನ್ಸಿಲ್ ಗುರುತು ಹಾಕಿ. ಮೊಬೈಲಿನಲ್ಲಿ ಒಂದು ನಿಮಿಷ ಅಳೆದು ಇನ್ನೊಂದು ಗುರುತು ಹಾಕಿ. ನನ್ನ ಯಂತ್ರ ಮೊದಲ ದಿನ 47 ಮಿಲಿಮೀಟರ್ ಓಡಿತ್ತು, ಅಂದರೆ ಸುಮಾರು 185 ಸುತ್ತು. ಬ್ಯಾಂಡಿನವರಿಗೆ ಬಸ್ಸಿಗೆ ಹೊತ್ತಾದ ಹಾಗಿತ್ತು. ನಾಲ್ಕು ನಿಮಿಷದ ಗೇರಿನಲ್ಲಿ ಈ ದೂರ ಅರ್ಧ, 20 ಮಿಲಿಮೀಟರಿನ ಆಸುಪಾಸು.

ವೇಗದ ತಿರುಪನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಅಳೆಯಿರಿ. ತಿರುಪು ಮಾಡುವುದಿಷ್ಟೇ: ಗವರ್ನರಿನ ಹಿತ್ತಾಳೆ ತಟ್ಟೆಗೆ ಒಂದು ಚಿಕ್ಕ ಮೆತ್ತೆಯನ್ನು ಒತ್ತುತ್ತದೆ. ತಿರುಪು ತಿರುಗಿಸಿದರೂ ವೇಗ ಬದಲಾಗದಿದ್ದರೆ ಆ ಮೆತ್ತೆ ಕಲ್ಲಾಗಿದೆ ಅಥವಾ ಉದುರಿಹೋಗಿದೆ. ಒಂದು ಚೂರು ಚರ್ಮ ಹಾಕಿ ಒಂದು ಹನಿ ಎಣ್ಣೆ ಕುಡಿಸಿದರೆ ಸಾಕು. ಒಣ ಮೆತ್ತೆಯಿಂದ ಕೀಚಲು ದನಿಯೂ ಬರುತ್ತದೆ.

ಕಿವಿಗೂ ಒಂದು ಪರೀಕ್ಷೆ ಇದೆ. ಹಳೆಯ ಎರಡು ನಿಮಿಷದ ಸಿಲಿಂಡರ್‌ಗಳು ಹಲವು ಶುರುವಾಗುವುದೇ ಒಬ್ಬ ಗಂಡಸಿನ ಪ್ರಕಟಣೆಯಿಂದ: ಹಾಡಿನ ಹೆಸರು, ಹಾಡಿದವರ ಹೆಸರು, ಕೊನೆಗೆ 'ಎಡಿಸನ್ ರೆಕಾರ್ಡ್' ಅಂತ. ಅವನ ದನಿ ಮಗುವಿನ ಹಾಗಿದ್ದರೆ ವೇಗ ಜಾಸ್ತಿ. ಮಲಗೆದ್ದವನ ಹಾಗಿದ್ದರೆ ಕಡಿಮೆ. ಇನ್ನೂ ಅನುಮಾನವಿದ್ದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಗ್ರಂಥಾಲಯ ಸಾವಿರಾರು ಸಿಲಿಂಡರ್‌ಗಳನ್ನು ಡಿಜಿಟಲ್ ಮಾಡಿ ಉಚಿತವಾಗಿ ಇಟ್ಟಿದೆ. ನಿಮ್ಮ ಹಾಡು ಅಲ್ಲಿದ್ದರೆ ಪಕ್ಕದಲ್ಲಿಟ್ಟು ಕೇಳಿ. 1902ಕ್ಕಿಂತ ಮುಂಚಿನ ಕಂದು ಮೇಣಕ್ಕೆ ಮಾತ್ರ ಈ 160ರ ಲೆಕ್ಕ ಸಲ್ಲುವುದಿಲ್ಲ. ಅವನ್ನು ಬೇರೆ ಬೇರೆ ವೇಗದಲ್ಲಿ, ಹೆಚ್ಚಾಗಿ ಇದಕ್ಕಿಂತ ನಿಧಾನವಾಗಿ, ಮುದ್ರಿಸಿದ್ದಾರೆ.

ಇನ್ನು ನಡುಕ. ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅಂತ ಕೇಳಿಸಿಕೊಂಡರೆ ಕಳ್ಳ ಯಾರೆಂದು ಗೊತ್ತಾಗುತ್ತದೆ. ಸೆಕೆಂಡಿಗೆ ಎರಡೂವರೆ ಸಲಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಸುತ್ತಿಗೊಮ್ಮೆ ದನಿ ತೂಗಿದರೆ ಸಿಲಿಂಡರ್ ಓರೆಯಾಗಿ ಕೂತಿದೆ ಅಥವಾ ಅದರ ಆಕಾರವೇ ಕೆಟ್ಟಿದೆ. ತೆಗೆದು ಸ್ವಲ್ಪ ತಿರುಗಿಸಿ ಹಾಕಿ ನೋಡಿ. ಬೆಲ್ಟಿನ ಜೋಡಣೆ ರಾಟೆ ದಾಟಿದಾಗಲೆಲ್ಲ ಎಗರಿದರೆ ಜೋಡಣೆ ದಪ್ಪವಾಗಿದೆ. ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ ತೆಳು ಮಾಡಿ. ಜ್ವರ ಬಂದವರ ಹಾಗೆ ಬಿಡದೆ ನಡುಗುತ್ತಿದ್ದರೆ ಗವರ್ನರ್: ಗುಂಡು ಹಿಡಿದಿರುವ ಮೂರು ತೆಳು ಪಟ್ಟಿಗಳಲ್ಲಿ ಒಂದು ಬಿರುಕು ಬಿಟ್ಟಿರುತ್ತದೆ. ಒಂದನ್ನೇ ಬದಲಾಯಿಸಿದರೆ ತೂಕ ತಪ್ಪುತ್ತದೆ, ಮೂರನ್ನೂ ಒಟ್ಟಿಗೆ ಬದಲಾಯಿಸಿ, ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡ ಮೇಲೆ.

ಹಲವು ಸೆಕೆಂಡಿಗೊಮ್ಮೆ ಪೆಟ್ಟಿಗೆಯೊಳಗೆ 'ಧೊಪ್' ಅಂದು ಹಾಡು ಒಂದು ಕ್ಷಣ ಮುಗ್ಗರಿಸಿದರೆ ಅದು ಸ್ಪ್ರಿಂಗ್. ಒಳಗಿನ ಗ್ರೀಸ್ ಒಣಗಿ, ಸುತ್ತುಗಳು ಒಂದಕ್ಕೊಂದು ಅಂಟಿ, ಆಮೇಲೆ ತಟ್ಟನೆ ಬಿಡುತ್ತಿವೆ. ನುಡಿಸುವುದಕ್ಕೆ ತಕ್ಷಣ ತೊಂದರೆ ಇಲ್ಲ, ಆದರೆ ಡಬ್ಬಿ ತೆರೆದು ತೊಳೆದು ಹೊಸ ಗ್ರೀಸ್ ಹಾಕಬೇಕಾದ ಕಾಲ ಬಂದಿದೆ. ಮತ್ತೆ ಹೇಳುತ್ತೇನೆ, ನೀವಲ್ಲ.

ಒಂದೇ ಸಾಲು ಮತ್ತೆ ಮತ್ತೆ, ಅಥವಾ ಹಾಡು ಹಾರಿ ಹಾರಿ ಹೋಗುತ್ತದೆ

ಗ್ರಾಮಫೋನ್ ಪ್ಲೇಟಿನಲ್ಲಿ ಗೆರೆಯೇ ಮುಳ್ಳನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಹಾಗಲ್ಲ. ಹಿಂದೆ ಒಂದು ಉದ್ದ ತಿರುಪು ಇದೆ, ಫೀಡ್ ಸ್ಕ್ರೂ ಅಂತ. ತೋಳಿನ ಹಿಂಬದಿಯ ಅರ್ಧ ನಟ್ಟು ಅದರ ಮೇಲೆ ಕೂತು ತೋಳನ್ನು ಸರಿಸುತ್ತದೆ. ಹಾಡು ನಿಂತಲ್ಲೇ ನಿಂತಿದೆ ಅಂದರೆ ಮೊದಲು ನೋಡಬೇಕಾದ್ದು ಈ ಜೋಡಿ, ಸಿಲಿಂಡರ್ ಅಲ್ಲ.

ತಿರುಪಿನ ಗೆರೆಗಳಲ್ಲಿ ಕಪ್ಪು ಕೊಳೆ ತುಂಬಿದ್ದರೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉದ್ದಕ್ಕೂ ಉಜ್ಜಿ ತೆಗೆಯಿರಿ. ತಂತಿ ಬ್ರಷ್ ಖಂಡಿತ ಬೇಡ, ಆ ಗೆರೆಗಳು ಕೂದಲಿನಷ್ಟು ಸೂಕ್ಷ್ಮ. ಆಮೇಲೆ ಎತ್ತುವ ಸನ್ನೆ ಪೂರ್ತಿ ಇಳಿದಿದೆಯಾ ನೋಡಿ. ಕೊನೆಗೆ ನಟ್ಟಿನ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಸವೆದು ನುಣ್ಣಗಾಗಿದ್ದರೆ ಹೊಸದು ಬೇಕು. ಒತ್ತುವ ಪಟ್ಟಿಯನ್ನು ಬಗ್ಗಿಸಿ ಬಿಗಿ ಮಾಡುವ ಆಸೆ ಬರುತ್ತದೆ. ಜಾಸ್ತಿ ಒತ್ತಿದರೆ ತಿರುಪೂ ಸವೆಯುತ್ತದೆ, ಮೋಟರಿಗೂ ಭಾರ.

ಪ್ರತಿ ಸುತ್ತಿಗೂ ಹಾಡು ಹಾರಿ ಕಲಸುಮೇಲೋಗರ ಆಗುತ್ತಿದ್ದರೆ ನಾಲ್ಕು ನಿಮಿಷದ ಸಿಲಿಂಡರನ್ನು ಎರಡು ನಿಮಿಷದ ಗೇರಿನಲ್ಲಿ ನುಡಿಸುತ್ತಿದ್ದೀರಿ. ಕೂಡಲೇ ಎತ್ತಿ. ಗೇರ್ ಬದಲಿಸುವ ಗುಂಡಿಯೇ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಅದು ಎರಡು ನಿಮಿಷಕ್ಕೆ ಮಾತ್ರ ಮಾಡಿದ್ದು. ಇಷ್ಟೆಲ್ಲ ಸರಿಯಿದ್ದೂ ಒಂದೇ ಸಿಲಿಂಡರಿನಲ್ಲಿ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಮಾತ್ರ ತಪ್ಪು ಸಿಲಿಂಡರಿನದು.

ಸದ್ದು ಸಣ್ಣ, ಒಡಕು, ಕರಕರ

ಸದ್ದು ಹೊರಬರುವ ಕೊಂಬಿನಿಂದ ಶುರು ಮಾಡಿ. ಕೊಂಬು ಮತ್ತು ರೀಪ್ರೊಡ್ಯೂಸರ್ ನಡುವಿನ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಅರ್ಧ ಸದ್ದು ಅಲ್ಲೇ ಸೋರುತ್ತದೆ. ಹೊಸ ಕೊಳವೆಗೆ ಒಂದು ಕಾಫಿಯ ಖರ್ಚು. ಕೊಂಬಿನ ಅಂಚು ಯಾವುದಕ್ಕಾದರೂ ತಾಗಿ ಝಣಗುಡುತ್ತಿದೆಯಾ, ಅದನ್ನೂ ಕೈಯಿಟ್ಟು ನೋಡಿ.

ಈಗ ಮೋಟರ್ ನಿಲ್ಲಿಸಿ, ಸಿಲಿಂಡರ್ ತೆಗೆದು, ಮುಳ್ಳಿನ ಕಡ್ಡಿಯನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ. ಕೊಂಬಿನಿಂದ 'ಟೊಕ್' ಅಂತ ಚುರುಕಾದ ಸದ್ದು ಬರಬೇಕು. ಹಲಸಿನಹಣ್ಣು ತಟ್ಟಿ ನೋಡುತ್ತೇವಲ್ಲ, ಹಾಗೆ. ಮೊಂಡಾಗಿ 'ತಪ್' ಅಂದರೆ ಪೊರೆಯನ್ನು ಹಿಡಿದಿರುವ ರಬ್ಬರ್ ಗ್ಯಾಸ್ಕೆಟ್‌ಗಳು ಕಲ್ಲಾಗಿವೆ. ತೊಂಬತ್ತು ಪಾಲು ಯಂತ್ರಗಳಲ್ಲಿ ಹೀಗೇ ಅಂತ ನಾನು ಪಣ ಕಟ್ಟುತ್ತೇನೆ. ಗ್ಯಾಸ್ಕೆಟ್ ಗಟ್ಟಿಯಾದರೆ ಪೊರೆ ಸರಿಯಾಗಿ ಅಲುಗುವುದಿಲ್ಲ. ಸದ್ದು ಸಣ್ಣದಾಗುತ್ತದೆ, ಜೊತೆಗೆ ಮುಳ್ಳು ಬಗ್ಗದೆ ಗೆರೆಯನ್ನೇ ತಿನ್ನುತ್ತದೆ. ನನ್ನ ಬೂದು ಪಟ್ಟೆಗೆ ಒಂದು ಕಾರಣ ಇದೇ.

ಬದಲಾಯಿಸುವುದು ತಾಳ್ಮೆಯ ಕೆಲಸ, ಕಷ್ಟದ್ದಲ್ಲ. ಬಿಳಿ ತಟ್ಟೆ ಅಥವಾ ಟವೆಲಿನ ಮೇಲೆ ಮಾಡಿ, ಬಿದ್ದ ಭಾಗ ಕಾಣಬೇಕು. ಪೊರೆಯ ನಡುವಿನಿಂದ ಮುಳ್ಳಿನ ಕಡ್ಡಿಗೆ ಒಂದು ಕೂದಲೆಳೆಯಂಥ ಕೊಂಡಿ ಇದೆ, ಅದನ್ನು ಮೊದಲು ಬಿಡಿಸಿ. ಅದನ್ನು ಮರೆತು ಮೇಲಿನ ಉಂಗುರ ತಿರುಗಿಸಿದರೆ ಪೊರೆ ಹರಿಯುತ್ತದೆ. ಹೊಸ ಗ್ಯಾಸ್ಕೆಟ್ ಪೊರೆಯ ಮೇಲೊಂದು, ಕೆಳಗೊಂದು. ಉಂಗುರವನ್ನು ಬೆರಳಿನ ಬಿಗಿಗಷ್ಟೇ ತಿರುಗಿಸಿ. ಜಾಸ್ತಿ ಬಿಗಿದರೆ ತಗಡಿನ ದನಿ, ಸಡಿಲ ಬಿಟ್ಟರೆ ಝರಝರ. ಉಂಗುರ ಮಿಸುಕದೇ ಇದ್ದರೆ ಇಕ್ಕಳ ಹಾಕಬೇಡಿ, ರಿಪೇರಿಯವರಿಗೆ ಕೊಡಿ.

ಗ್ಯಾಸ್ಕೆಟ್ ಸರಿಯಾದ ಮೇಲೂ ಕರಕರ ಅಂದರೆ ಮುಳ್ಳು. ಇದು ನೀಲಮಣಿ, ಸುಲಭಕ್ಕೆ ಸವೆಯುವುದಿಲ್ಲ, ಆದರೆ ಬಿದ್ದರೆ ಚಕ್ಕೆ ಏಳುತ್ತದೆ. ಚಕ್ಕೆ ಎದ್ದ ಮುಳ್ಳು ಹಾಡುವುದಿಲ್ಲ, ಉಳಿಯ ಹಾಗೆ ಕೊರೆಯುತ್ತದೆ. ಹತ್ತಿಯ ಒಂದೆರಡು ಎಳೆಯನ್ನು ಮುಳ್ಳಿನ ತುದಿಯ ಮೇಲೆ ಎಲ್ಲ ದಿಕ್ಕಿನಿಂದಲೂ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಮುಳ್ಳು ಹೋಗಿದೆ. ಸಿಕ್ಕದಿದ್ದರೂ 30 ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ಒಮ್ಮೆ ನೋಡಿ. ಹೊಸ ಮುಳ್ಳಿಗೆ ದುಡ್ಡು ಬೇಕು, ಅಂಟಿಸುವುದಕ್ಕೆ ಕೈಚಳಕ ಬೇಕು. ನಾನು ರೀಪ್ರೊಡ್ಯೂಸರನ್ನೇ ಅಂಚೆಯಲ್ಲಿ ಕಳಿಸಿ ಹಾಕಿಸಿಕೊಂಡೆ.

ಸಿಲಿಂಡರ್ ಕೂರುತ್ತಿಲ್ಲ, ಬೂಷ್ಟು ಹಿಡಿದಿದೆ, ಸೀಳಿದೆ

ಸಿಲಿಂಡರನ್ನು ಹೊರಗಿನಿಂದ ಹಿಡಿಯಬಾರದು. ಎರಡು ಬೆರಳನ್ನು ಒಳಗೆ ತೂರಿಸಿ ಅಗಲಿಸಿ ಎತ್ತಬೇಕು. ಹೆಸರು ಬರೆದ ಅಂಚು ನಿಮ್ಮ ಬಲಗಡೆಗೆ. ತಣ್ಣನೆ ಕೋಣೆಯಿಂದ ತಂದ ಮೇಣಕ್ಕೆ ಕೈಯ ಬಿಸಿಯೇ ಸಾಕು ಬಿರುಕು ಬಿಡಲು, ಅದರಲ್ಲೂ ಕಂದು ಮೇಣ. ಇಲ್ಲಿನ ಚಳಿಗಾಲದಲ್ಲಿ ನಾನು ಅರ್ಧ ದಿನ ಕೋಣೆಯಲ್ಲೇ ಇಟ್ಟು ಆಮೇಲೆ ಮುಟ್ಟುತ್ತೇನೆ. ನುಡಿಸಿದ ಮೇಲೆ ಮ್ಯಾಂಡ್ರೆಲ್ ಮೇಲೆ ಬಿಡಬೇಡಿ. ರಾತ್ರಿ ತಣ್ಣಗಾದಾಗ ಮೇಣ ಕುಗ್ಗಿ ಸೀಳುತ್ತದೆ.

ನೀಲಿ ಸಿಲಿಂಡರ್ ಕೊನೆಯ ಅರ್ಧ ಇಂಚು ಕೂರದಿದ್ದರೆ ಒಳಗಿನ ಪ್ಲಾಸ್ಟರ್ ತೇವ ಹೀರಿ ಊದಿದೆ. ಒತ್ತಿ ಕೂರಿಸಿದರೆ ಒಡೆಯುತ್ತದೆ. ಪ್ಲಾಸ್ಟರನ್ನು ಒಳಗಿನಿಂದ ಹದವಾಗಿ ಕೆರೆಯಬೇಕು, ಮೊದಲ ಸಲ ಬೆಲೆಯಿಲ್ಲದ ಹಾಡಿನ ಮೇಲೆ ಕಲಿಯಿರಿ. ಈ ಸೆಲ್ಯುಲಾಯ್ಡ್ ಬೆಂಕಿಗೆ ಬಹಳ ಬೇಗ ಹತ್ತಿಕೊಳ್ಳುತ್ತದೆ. ದೀಪ, ಊದಿನಕಡ್ಡಿ, ಹೀಟರ್ ಯಾವುದೂ ಹತ್ತಿರ ಬೇಡ.

ಮೇಣದ ಮೇಲಿನ ಬಿಳಿ ಚುಕ್ಕಿ ಬೂಷ್ಟು. ಒಣ ಮೆತ್ತನೆ ಬ್ರಷ್ಷಿನಲ್ಲಿ ಮೇಲಿನ ಪುಡಿ ಹೋಗಬಹುದು, ಅದು ತಿಂದ ಗೆರೆ ವಾಪಸ್ ಬರುವುದಿಲ್ಲ. ಮೇಣ ನುಡಿಸಿದಷ್ಟೂ ಸವೆಯುತ್ತದೆ ಕೂಡ. 1892ರಲ್ಲಿ ಮೈಸೂರಿಗೆ ಬಂದ ವಿವೇಕಾನಂದರ ದನಿಯನ್ನು ಚಾಮರಾಜ ಒಡೆಯರು ಫೋನೋಗ್ರಾಫಿನಲ್ಲಿ ಹಿಡಿದಿದ್ದರು, ಆಮೇಲೆ ಅದು ಕೇಳಿಸದಷ್ಟು ಮಸುಕಾಯಿತು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ನನ್ನ ಶೆಲ್ಫಿನ ಬೂದು ಪಟ್ಟೆ ನೋಡಿದಾಗಲೆಲ್ಲ ಅದು ನೆನಪಾಗುತ್ತದೆ. ನಿಮ್ಮ ಹತ್ತಿರ ಕಂದು ಮೇಣದ ಮೇಲೆ ಮನೆಯವರೇ ಮುದ್ರಿಸಿದ ದನಿ ಇದ್ದರೆ ದಯವಿಟ್ಟು ಯಂತ್ರದಲ್ಲಿ ನುಡಿಸಬೇಡಿ. ಹಗುರ ಮುಳ್ಳಿನ ಅಥವಾ ಬೆಳಕಿನಲ್ಲಿ ಓದುವ ಸಾಧನ ಇರುವ ಸಂಗ್ರಹಾಲಯವನ್ನು ಕೇಳಿ.

ರಿಪೇರಿಯವರ ಹತ್ತಿರ ಹೋಗುವಾಗ

ಹೋಗುವ ಮುಂಚೆ ಸಾಧ್ಯವಾದರೆ ಸ್ಪ್ರಿಂಗ್ ಪೂರ್ತಿ ಖಾಲಿಯಾಗುವವರೆಗೆ ಓಡಿಸಿಬಿಡಿ. ಸಿಕ್ಕಿಕೊಂಡು ಬಿಗಿಯಾಗೇ ಇದ್ದರೆ ಹಾಗಂತ ಚೀಟಿ ಬರೆದು ಹ್ಯಾಂಡಲಿಗೆ ಕಟ್ಟಿ, ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಒಂದು ನಿಮಿಷಕ್ಕೆ ತೋಳು ಎಷ್ಟು ಮಿಲಿಮೀಟರ್ ಸರಿಯಿತು, ನಡುಕ ಎಷ್ಟು ಹೊತ್ತಿಗೊಮ್ಮೆ ಬಂತು ಅನ್ನುವುದನ್ನೂ ಬರೆದುಕೊಡಿ. ಪೆಟ್ಟಿಗೆಗೆ ಪಾಲಿಶ್, ಕೊಂಬಿಗೆ ಹೊಸ ಬಣ್ಣ ಎಂದು ಯಾರಾದರೂ ಮುಂದೆ ಬಂದರೆ ಬೇಡ ಅನ್ನಿ, ಹಳೆ ಬಣ್ಣ ಹೋದರೆ ಯಂತ್ರದ ಬೆಲೆಯೂ ಹೋಗುತ್ತದೆ. ರೀಪ್ರೊಡ್ಯೂಸರನ್ನು ಬಿಚ್ಚಿ ಹತ್ತಿ ಹಾಕಿದ ಚಿಕ್ಕ ಡಬ್ಬಿಯಲ್ಲಿ ಬೇರೆಯಾಗಿ ಒಯ್ಯಿರಿ. ಕಾರಿನಲ್ಲಿ ಅದು ಮ್ಯಾಂಡ್ರೆಲಿಗೆ ಒಂದು ಸಲ ಬಡಿದರೂ ಸಾಕು, ಮುಳ್ಳಿಗೆ ಮತ್ತೆ ಹತ್ತಿಯ ಎಳೆ ಎಳೆದು ನೋಡುವ ಕೆಲಸ.